ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಿಟನ್-ಯುರೋಪ್ ಮಾತುಕತೇಲಿ ಉದ್ಯಮಿಗಳ ಮಾತು ನಡೀತಾ?

ಹೋದ ಸಂಚಿಕೇಲಿ ಬ್ರಿಟನ್ ಯುರೋಪಿಯನ್ ಯೂನಿಯನ್ (ಯುರೋಪ್ ದೇಶಗಳ ಒಕ್ಕೂಟ) ಜೊತೆ ಮತ್ತೆ ಮಾತುಕತೆಗೆ ಕೂತಿರೋ ಬಗ್ಗೆ ನಾಲ್ಕು ಸಾಲು ಬರೆದಿದ್ವಿ, ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯದ್ದು, ಇದ್ರಲ್ಲಿ ಕಂಪನಿ ಯಜಮಾನರು ಏನ್ ಮಾಡಿದ್ರು, ಅವ್ರ ಮಾತು ನಡೀತಾ ಇಲ್ವಾ ಅಂತ. ಹಂಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರ: 2016ರಲ್ಲಿ ದೊಡ್ಡ ದೊಡ್ಡ ಕಂಪನಿಗಳೆಲ್ಲ ಒಕ್ಕೂಟದಲ್ಲೇ ಇರೋಣ ಅಂದ್ರೂ ಜನ ಹೊರಗೆ ಹೋಗಕ್ಕೆ ವೋಟ್ ಹಾಕಿದ್ರು. ಉದ್ಯಮಿಗಳ ಮಾತಿಗೆ ಅಲ್ಲಿ ಬೆಲೆನೇ ಇಲ್ವಾ? (ಕಾಮರ್ಸ್ ಉಪನ್ಯಾಸಕರು, ತುಮಕೂರು)

ಉ: ಬೆಲೆ ಇತ್ತು ಸರ್, ಒಂದು ಕಾಲದಲ್ಲಿ ತುಂಬಾನೇ ಇತ್ತು. ಅದಕ್ಕೆ 1975ಕ್ಕೆ ಹೋಗ್ಬೇಕು. ಬ್ರಿಟನ್ 1973ರ ಜನವರಿ 1ಕ್ಕೆ ಆಗಿನ ಯುರೋಪಿಯನ್ ಸಮುದಾಯ ಸೇರ್ತು, ಮಾರನೇ ವರ್ಷನೇ ಅಧಿಕಾರಕ್ಕೆ ಬಂದ ಪ್ರಧಾನಿ ಹೆರಾಲ್ಡ್ ವಿಲ್ಸನ್ ಇದು ನಮಗೆ ಸರಿಯಾದ ಒಪ್ಪಂದ ಅಲ್ಲ, ಮತ್ತೆ ಮಾತಾಡ್ತೀನಿ ಅಂದ್ರು, ನ್ಯೂಜಿಲೆಂಡ್ ಬೆಣ್ಣೆ, ಕಾಮನ್‌ವೆಲ್ತ್ ದೇಶಗಳ ಸಕ್ಕರೆ, ಬಜೆಟ್‌ಗೆ ಬ್ರಿಟನ್ ಕೊಡೋ ದುಡ್ಡು ಇವೆಲ್ಲ ಮಾತುಕತೆಗೆ ಬಂದ್ವು, ಆಮೇಲೆ 1975ರ ಜೂನ್ 5ಕ್ಕೆ ಜನಮತ ಗಣನೆ. ಆಗ ಲಂಡನ್ನಿನ ಟೈಮ್ಸ್ ಪತ್ರಿಕೆ 419 ಕಂಪನಿ ಅಧ್ಯಕ್ಷರನ್ನ ಕೇಳಿದ್ರೆ 415 ಜನ ಇರೋಣ ಅಂದಿದ್ರು. ಕಂಪನಿಗಳು ತಮ್ಮ ಕೆಲಸಗಾರರಿಗೇ ಪತ್ರ ಬರೆದ್ವು, ಚಂದಾ ಕೊಟ್ವು, 'ಇರೋಣ' ಅನ್ನೋ ಕಡೆಯವರು ಸುಮಾರು 15 ಲಕ್ಷ ಪೌಂಡ್ ಖರ್ಚು ಮಾಡಿದ್ರೆ ಎದುರು ಪಾರ್ಟಿ ಹತ್ರ ಇದ್ದದ್ದು ಸರ್ಕಾರ ಕೊಟ್ಟ ದುಡ್ಡೂ ಸೇರಿ 1.33 ಲಕ್ಷ. ಶೇ. 67ರಷ್ಟು ಜನ ಇರೋಣ ಅಂದ್ರು. ಆಗಿನ ಪರಿಸ್ಥಿತಿನೂ ನೆನಪಿರ್ಲಿ, ಕರೆಂಟ್ ಉಳಿಸೋಕೆ ಫ್ಯಾಕ್ಟರಿಗಳು ವಾರಕ್ಕೆ ಮೂರೇ ದಿನ ನಡೆದಿದ್ದು ಒಂದು ವರ್ಷ ಮುಂಚೆ ಅಷ್ಟೇ, ಬೆಲೆ ಏರಿಕೆ ಶೇ. 20 ದಾಟಿತ್ತು, ಜನಕ್ಕೆ ನಮ್ ಫ್ಯಾಕ್ಟರಿ ಉಳೀಬೇಕು ಅನ್ನೋ ಭಯ, ಯಜಮಾನನಿಗೂ ಅದೇ ಭಯ. ಇಬ್ರೂ ಒಂದೇ ದೋಣೀಲಿದ್ರು.

2016ಕ್ಕೆ ಬಂದ್ರೆ ಆ ದೋಣಿ ಎರಡಾಗಿತ್ತು. ಫೆಬ್ರವರಿ 23ಕ್ಕೆ ಟೈಮ್ಸ್‌ನಲ್ಲಿ ಸುಮಾರು 200 ಉದ್ಯಮಿಗಳ ಸಹಿ ಇರೋ ಪತ್ರ ಬಂತು, ಲಂಡನ್ ಷೇರುಪೇಟೆಯ ಟಾಪ್ 100 ಕಂಪನಿಗಳಲ್ಲಿ 36ರ ಮುಖ್ಯಸ್ಥರು ಅದ್ರಲ್ಲಿದ್ರು. ನೋಡಿದೋರಿಗೆ ಭಾರಿ ಅನ್ಸುತ್ತೆ, ಆದ್ರೆ ಉಳಿದ 64 ಎಲ್ಲಿ ಅಂತ ಮಾರನೇ ದಿನವೇ ಎಲ್ರೂ ಕೇಳಿದ್ರು, ಟೆಸ್ಕೋ, ಸೇನ್ಸ್‌ಬರಿಸ್ ಥರ ಮನೆಮನೆಗೂ ಗೊತ್ತಿರೋ ಅಂಗಡಿಯವರು ಸಹಿ ಹಾಕಿರಲಿಲ್ಲ, ಗಿರಾಕಿಗಳಲ್ಲಿ ಎರಡೂ ಕಡೆಯೋರಿದ್ದಾಗ ಬಾಯ್ಬಿಡೋದು ಅವ್ರಿಗೆ ಕಷ್ಟ. ಅದಾದ ಒಂದೇ ವಾರಕ್ಕೆ 'ಇರೋಣ' ಅನ್ನೋ ಪ್ರಚಾರದ ಅಧ್ಯಕ್ಷರು, ಮಾರ್ಕ್ಸ್ ಅಂಡ್ ಸ್ಪೆನ್ಸರ್ ನಡೆಸಿದ್ದ ಸ್ಟುವರ್ಟ್ ರೋಸ್, ಪಾರ್ಲಿಮೆಂಟ್ ಸಮಿತಿ ಮುಂದೆ ಕೂತಿದ್ರು. ಹೊರಗಿಂದ ಕೆಲಸಗಾರರು ಬರೋದು ಕಮ್ಮಿ ಆದ್ರೆ ಕೂಲಿ ಜಾಸ್ತಿ ಆಗುತ್ತಾ ಅಂತ ಕೇಳಿದ್ರೆ, ಹೌದು ಆಗುತ್ತೆ, ಆದ್ರೆ ಅದು ಒಳ್ಳೇದೇ ಅಂತ ಹೇಳಕ್ಕಾಗಲ್ಲ ಅನ್ನೋ ಅರ್ಥದ ಉತ್ತರ ಕೊಟ್ರು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಅದ್ರಲ್ಲಿ ವಾದ ಇರಬಹುದು, ಆದ್ರೆ ಹತ್ತು ವರ್ಷದಿಂದ ಸಂಬಳ ಏರದೇ ಇರೋ ಒಬ್ಬ ಗೋಡೌನ್ ಕೆಲಸಗಾರ ಟಿವೀಲಿ ಅದನ್ನ ಕೇಳಿದಾಗ ಅವನಿಗೆ ಹೆಂಗ್ ಅನ್ಸಿರ್ಬೇಡ? ನನಗಂತೂ ಇಡೀ ಪ್ರಚಾರದಲ್ಲಿ ಅತಿ ಹೆಚ್ಚು ನೋವು ಕೊಟ್ಟ ಮಾತು ಅದೇ.

ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಊರನ್ನೇ ನೋಡಿ. 1986ರಿಂದ ಅಲ್ಲಿ ನಿಸ್ಸಾನ್ ಕಾರ್ ಫ್ಯಾಕ್ಟರಿ ಇದೆ, ಸಾವಿರಾರು ಜನಕ್ಕೆ ಅನ್ನ ಹಾಕಿದೆ, ಅಲ್ಲಿ ತಯಾರಾಗೋ ಕಾರಲ್ಲಿ ಬಹುಪಾಲು ಯುರೋಪಿಗೇ ಹೋಗೋದು, ಆದ್ರೂ ಊರು ಶೇ. 61ರಷ್ಟು ಹೊರಗೆ ಹೋಗೋಣ ಅಂತ್ಲೇ ಹೇಳ್ತು. ಅವ್ರನ್ನ ದಡ್ಡರು ಅನ್ನೋರಿಗೆ ನಾನು ಒಪ್ಪಲ್ಲ. ಮೇಲಿಂದ ಸಹಿ ಹಾಕಿ ಕಳಿಸಿದ ಪತ್ರದಲ್ಲಿ ಅವ್ರ ಬದುಕಿನ ಒಂದು ಸಾಲೂ ಇರಲಿಲ್ಲ.

ಪ್ರ: ವೋಟಿಗೆ ಮುಂಚೆ ಆಗಿನ ಪ್ರಧಾನಿ ಕ್ಯಾಮರಾನ್ ಮರುಮಾತುಕತೆ ಮಾಡಿದ್ರಲ್ಲ, ಅದ್ರಲ್ಲಿ ಉದ್ಯಮಿಗಳ ಬೇಡಿಕೆ ಏನಾದ್ರೂ ಇತ್ತಾ? (ವಿದ್ಯಾರ್ಥಿನಿ, ಧಾರವಾಡ)

ಉ: ಇತ್ತಮ್ಮ, ಆದ್ರೆ ಕೊನೆಗೆ ಅದು ಮೂಲೆಗೆ ಸೇರ್ತು. ಡೇವಿಡ್ ಕ್ಯಾಮರಾನ್ 2013ರ ಜನವರೀಲಿ ಬ್ಲೂಮ್‌ಬರ್ಗ್ ಕಚೇರೀಲಿ ಮಾಡಿದ ಭಾಷಣದಲ್ಲೇ ಹೊಸ ಒಪ್ಪಂದ, ಆಮೇಲೆ ಜನಮತ ಅಂದ್ರು. ಅವಾಗಿಂದ್ಲೇ ಉದ್ಯಮಿಗಳ ಎರಡು ಗುಂಪು ಎದ್ದು ಕಾಣ್ತಿತ್ತು, ಬಿಸಿನೆಸ್ ಫಾರ್ ನ್ಯೂ ಯುರೋಪ್ ಅನ್ನೋರು ಒಳಗಿದ್ದೇ ಸುಧಾರಣೆ ಮಾಡ್ಸೋಣ ಅಂತ, ಬಿಸಿನೆಸ್ ಫಾರ್ ಬ್ರಿಟನ್ ಅನ್ನೋರು ದೊಡ್ಡ ಬದಲಾವಣೆ ಸಿಕ್ರೆ ಇರೋಣ, ಇಲ್ಲಾಂದ್ರೆ ನಡೀರಿ ಅಂತ. ಈ ಎರಡನೇ ಗುಂಪಿನವರೇ ಮುಂದೆ ಹೊರಗೆ ಹೋಗೋಣ ಅನ್ನೋ 'ವೋಟ್ ಲೀವ್' ಪ್ರಚಾರಕ್ಕೆ ಬುನಾದಿ ಆದ್ರು.

2015ರ ನವೆಂಬರ್ 10ಕ್ಕೆ, ಆಗ ಒಕ್ಕೂಟದ ನಾಯಕರ ಮಂಡಳಿ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟಸ್ಕ್‌ಗೆ ಬರೆದ ಪತ್ರದಲ್ಲಿ ಕ್ಯಾಮರಾನ್ ನಾಲ್ಕು ವಿಷ್ಯ ಇಟ್ರು: ಯೂರೋ ಬಳಸದ ದೇಶಗಳಿಗೆ ರಕ್ಷಣೆ, ಸ್ಪರ್ಧಾತ್ಮಕತೆ, ಸಾರ್ವಭೌಮತ್ವ, ವಲಸೆ. ಮೊದಲನೇದು 'ಸಿಟಿ' ಅನ್ನೋ ಲಂಡನ್ನಿನ ಹಣಕಾಸು ಕೇಂದ್ರದ ಬ್ಯಾಂಕುಗಳಿಗೆ ಮುಖ್ಯ, ಎರಡನೇದು ನಿಯಮಗಳ ಹೊರೆ ಇಳಿಸಿ ಅನ್ನೋ ಕಂಪನಿಗಳ ಹಳೇ ಬೇಡಿಕೆ. 2016ರ ಫೆಬ್ರವರಿ 19ಕ್ಕೆ ಒಪ್ಪಂದ ಆದಾಗ ಪೇಪರ್‌ಗಳಲ್ಲಿ ಚರ್ಚೆ ಆಗಿದ್ದು ಮಾತ್ರ ಹೊಸದಾಗಿ ಬರೋ ಕೆಲಸಗಾರರಿಗೆ ಸರ್ಕಾರಿ ನೆರವು ಎಷ್ಟು ವರ್ಷ ಕೊಡಬಾರದು ಅನ್ನೋದೊಂದೇ. ಜನ ಹೊರಗೆ ಅಂದ್ಮೇಲೆ ಆ ಒಪ್ಪಂದ ಪೂರ್ತಿ ರದ್ದಾಯ್ತು.

ಪ್ರ: ಎಲ್ಲಾ ಉದ್ಯಮಿಗಳೂ ಬ್ರೆಕ್ಸಿಟ್ (ಬ್ರಿಟನ್ ಒಕ್ಕೂಟದಿಂದ ಹೊರಗೆ ಬರೋದು) ವಿರುದ್ಧ ಇದ್ರಾ? (ಶಿವಮೊಗ್ಗ)

ಉ: ಇಲ್ಲ. ವ್ಯಾಕ್ಯೂಮ್ ಕ್ಲೀನರ್‌ನ ಜೇಮ್ಸ್ ಡೈಸನ್, ಜೆಸಿಬಿಯ ಆಂಟನಿ ಬ್ಯಾಮ್ಫರ್ಡ್ (ನಮ್ಮ ಹಳ್ಳಿಗಳಲ್ಲಿ ಕೆರೆ ಹೂಳು ಎತ್ತೋದು ಇವ್ರ ಕಂಪನಿ ಮೆಷಿನ್ನೇ), ವೆದರ್‌ಸ್ಪೂನ್ ಪಬ್‌ಗಳ ಟಿಮ್ ಮಾರ್ಟಿನ್, ಇವ್ರೆಲ್ಲ ಹೊರಗೆ ಬರೋಣ ಅಂದೋರೇ. ಬ್ರಿಟಿಷ್ ಚೇಂಬರ್ಸ್ ಆಫ್ ಕಾಮರ್ಸ್‌ನ ಮುಖ್ಯಸ್ಥ ಜಾನ್ ಲಾಂಗ್‌ವರ್ತ್ 2016ರ ಮಾರ್ಚ್‌ನಲ್ಲಿ ತಮ್ಮ ಸಂಸ್ಥೆಯ ಸಮಾವೇಶದಲ್ಲೇ ಹೊರಗಿದ್ರೆ ಒಳ್ಳೇದು ಅನ್ನೋ ಥರ ಮಾತಾಡಿ, ಸಂಸ್ಥೆ ತಟಸ್ಥವಾಗಿರಬೇಕಿತ್ತು ಅಂತ ಅಮಾನತು ಆಗಿ, ಕೆಲವೇ ದಿನಕ್ಕೆ ರಾಜೀನಾಮೆ ಕೊಟ್ರು.

ಪ್ರ: ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್ ಇಟ್ಟಿದೀನಿ, ಆಟೋ ಪಾರ್ಟ್ಸ್ ಕೆಲಸ. ಹೊರಗೆ ಬಂದ್ಮೇಲೆ ಕಾರ್ ಕಂಪನಿಗಳು ಮಾತುಕತೆ ಮೇಲೆ ಹೆಂಗೆ ಒತ್ತಡ ಹಾಕಿದ್ವು ಅಂತ ಸ್ವಲ್ಪ ಬಿಡಿಸಿ ಹೇಳಿ. (ಬೆಂಗಳೂರು)

ಉ: ಬಿಡಿಸಿಯೇ ಹೇಳ್ತೀನಿ, ಯಾಕಂದ್ರೆ ಉದ್ಯಮಿಗಳ ಮಾತು ನಿಜವಾಗ್ಲೂ ನಡೆದಿದ್ದು ಎಲ್ಲಿ ಅಂದ್ರೆ ಇಲ್ಲೇ.

ಮೊದಲ ಸುತ್ತು ಮುಚ್ಚಿದ ಬಾಗಿಲ ಹಿಂದೆ. 2016ರ ಅಕ್ಟೋಬರ್‌ನಲ್ಲಿ ನಿಸ್ಸಾನ್‌ನ ಕಾರ್ಲೋಸ್ ಘೋನ್ ಪ್ರಧಾನಿ ತೆರೇಸಾ ಮೇ ಅವ್ರನ್ನ ಭೇಟಿ ಆದ್ರು, ಮಂತ್ರಿ ಗ್ರೆಗ್ ಕ್ಲಾರ್ಕ್ ಕಂಪನಿಗೆ ಒಂದು ಭರವಸೆ ಪತ್ರ ಬರೆದ್ರು, ಆ ತಿಂಗಳ ಕೊನೆಗೆ ಹೊಸ ಮಾಡಲ್‌ಗಳು ಸಂಡರ್‌ಲ್ಯಾಂಡ್‌ನಲ್ಲೇ ಅಂತ ನಿಸ್ಸಾನ್ ಘೋಷಿಸ್ತು. ಪತ್ರದಲ್ಲಿ ಏನಿದೆ ಅಂತ ಜನಕ್ಕೆ ಗೊತ್ತಾಗಿದ್ದು 2019ರ ಫೆಬ್ರವರೀಲಿ, ಅಷ್ಟೊತ್ತಿಗೆ ಅದೇ ಕಂಪನಿ ಎಕ್ಸ್-ಟ್ರೇಲ್ ಕಾರನ್ನ ಅಲ್ಲಿ ಮಾಡಲ್ಲ ಅಂತ ಹೇಳಿಯಾಗಿತ್ತು. ಒಂದು ದೊಡ್ಡ ಕಂಪನಿಗೆ ಮಾತ್ರ ಗುಟ್ಟಾಗಿ ಪತ್ರ, ಪಕ್ಕದ ಬೀದೀಲಿ ಅದಕ್ಕೆ ಪಾರ್ಟ್ಸ್ ಕೊಡೋ ನಿಮ್ಮಂಥೋರಿಗೆ ಏನೂ ಇಲ್ಲ. ಇದು ಸರಿ ಅಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ.

ಎರಡನೇ ಸುತ್ತು ಸ್ವಲ್ಪ ಬಯಲಲ್ಲಿ ನಡೀತು. 2017ರ ಜುಲೈನಲ್ಲಿ ಕಾನ್ಫೆಡರೇಷನ್ ಆಫ್ ಬ್ರಿಟಿಷ್ ಇಂಡಸ್ಟ್ರಿ (ಅದನ್ನೂ ಸಿಬಿಐ ಅಂತಾರೆ, ನಮ್ಮ ಸಿಬಿಐ ಅಲ್ಲ) ಪೂರ್ತಿ ಒಪ್ಪಂದ ಜಾರಿಗೆ ಬರೋವರ್ಗೂ ಸಿಂಗಲ್ ಮಾರ್ಕೆಟ್ಟು (ಒಕ್ಕೂಟಕ್ಕೆಲ್ಲ ಒಂದೇ ಮಾರುಕಟ್ಟೆ, ಒಂದೇ ನಿಯಮ), ಕಸ್ಟಮ್ಸ್ ಯೂನಿಯನ್ (ಒಳಗೆ ಸುಂಕ ಇಲ್ಲ, ಹೊರಗಿನ ಮಾಲಿಗೆ ಎಲ್ರದ್ದೂ ಒಂದೇ ಸುಂಕ) ಎರಡೂ ಹಂಗೇ ಇರ್ಲಿ, ರಾತ್ರಿ ಬೆಳಗಾಗೋದ್ರೊಳಗೆ ನಿಯಮ ಬದಲಾದ್ರೆ ನಾವು ಸಾಯ್ತೀವಿ ಅನ್ನೋ ಅರ್ಥದಲ್ಲಿ ಹೇಳ್ತು. ಎರಡೇ ತಿಂಗಳಿಗೆ ತೆರೇಸಾ ಮೇ ಫ್ಲಾರೆನ್ಸ್‌ನಲ್ಲಿ ಸುಮಾರು ಎರಡು ವರ್ಷದ ಮಧ್ಯಂತರ ಅವಧಿ ಬೇಕು ಅಂದ್ರು, ಕೊನೆಗೆ 2020ರ ಡಿಸೆಂಬರ್ 31ರ ತನಕ ಅದು ಸಿಕ್ತು. ಉದ್ಯಮಿಗಳು ಎಲ್ರಿಗೋಸ್ಕರ ಗಿಟ್ಟಿಸಿಕೊಟ್ಟ ದೊಡ್ಡ ವಿಷ್ಯ ಇದು, ಅದ್ರ ಲಾಭ ಸಣ್ಣ ವರ್ಕ್‌ಶಾಪ್‌ಗೂ ಸಿಕ್ತು. 2018ರ ಬೇಸಿಗೇಲಿ ವಿಮಾನ ತಯಾರಿಸೋ ಏರ್‌ಬಸ್ ಎಚ್ಚರಿಕೆ ಕೊಡ್ತು, ಜಾಗ್ವಾರ್ ಲ್ಯಾಂಡ್ ರೋವರ್‌ನ ರಾಲ್ಫ್ ಸ್ಪೆತ್ ಕೆಟ್ಟ ಬ್ರೆಕ್ಸಿಟ್ ಆದ್ರೆ ವರ್ಷಕ್ಕೆ 120 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಅಂದ್ರು. ಜುಲೈ 6ಕ್ಕೆ ಪ್ರಧಾನಿಗಳ ಚೆಕರ್ಸ್ ಬಂಗಲೇಲಿ ಮೇ ಮುಂದಿಟ್ಟ ಪ್ಲಾನ್‌ನಲ್ಲಿ ಸರಕುಗಳಿಗೆ ಯುರೋಪಿನ ನಿಯಮವೇ ಇರ್ಲಿ ಅಂತಿತ್ತು, ಕಾರ್ ಕಂಪನಿಗಳ ಮಾತು ಕೇಳಿದ್ದಕ್ಕೇ ಅದು. ಆದ್ರೆ ಮಂತ್ರಿಗಳಾಗಿದ್ದ ಡೇವಿಡ್ ಡೇವಿಸ್, ಬೋರಿಸ್ ಜಾನ್ಸನ್ ಇಬ್ರೂ ರಾಜೀನಾಮೆ ಬಿಸಾಕಿ ಹೋದ್ರು, ಪ್ಲಾನ್ ನೆಲ ಕಚ್ಚಿತು.

ಇನ್ನು ಮೂರನೇ ಸುತ್ತು, ನಿಮಗೆ ಬೇಕಾದ್ದು ಇದು. 2020ರ ಡಿಸೆಂಬರ್ 24ಕ್ಕೆ ಆದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆ, ಆದ್ರೆ ಒಂದು ಷರತ್ತು: ಮಾಲು ನಿಜವಾಗ್ಲೂ ಬ್ರಿಟನ್ ಅಥವಾ ಯುರೋಪಿನದ್ದೇ ಆಗಿರ್ಬೇಕು. ಬ್ಯಾಟರಿ ಕಾರಿಗೆ ಮೊದಲ ಮೂರು ವರ್ಷ ಸಡಿಲ, ಕಾರಿನ ಬೆಲೇಲಿ ಶೇ. 40 ಸ್ಥಳೀಯ ಇದ್ರೆ ಸಾಕು. 2024ರ ಜನವರಿ 1ರಿಂದ ಅದು ಶೇ. 45ಕ್ಕೆ ಏರ್ಬೇಕು, ಬ್ಯಾಟರಿ ಪ್ಯಾಕ್‌ನಲ್ಲಂತೂ ಶೇ. 60 ಸ್ಥಳೀಯವೇ ಇರ್ಬೇಕು, ಇಲ್ಲಾಂದ್ರೆ ಶೇ. 10 ಸುಂಕ. ಬ್ಯಾಟರಿ ಬರ್ತಿದ್ದಿದ್ದು ಬಹುಪಾಲು ಚೀನಾ, ಕೊರಿಯಾದಿಂದ, ಎರಡೂ ಕಡೆ ಫ್ಯಾಕ್ಟರಿಗಳು ಇನ್ನೂ ಏಳ್ತಾ ಇದ್ವು. ಎಲೆಕ್ಟ್ರಿಕ್ ಕಾರೇ ತಗೊಳ್ಳಿ ಅಂತ ಒಂದು ಕೈಯಲ್ಲಿ ಹೇಳಿ ಇನ್ನೊಂದು ಕೈಯಲ್ಲಿ ಅದ್ರ ಮೇಲೇ ಸುಂಕ ಹಾಕೋ ಪರಿಸ್ಥಿತಿ.

2023ರ ಮೇನಲ್ಲಿ ವಾಕ್ಸಾಲ್ ಕಾರ್ ಕಂಪನಿ ಒಡೆಯರಾದ ಸ್ಟೆಲಾಂಟಿಸ್ ಬ್ರಿಟಿಷ್ ಪಾರ್ಲಿಮೆಂಟ್ ಸಮಿತಿಗೆ ಬರೆದು ಕೊಟ್ರು, ಹಿಂಗೇ ಆದ್ರೆ ಇಲ್ಲಿ ಫ್ಯಾಕ್ಟರಿ ಉಳಿಸೋದು ಕಷ್ಟ ಅಂತ. ಬ್ರಿಟನ್ನಿನ ವಾಹನ ತಯಾರಕರ ಸಂಘ ಒಂದೇ ಕೂಗಾಡಿದ್ರೆ ಒಕ್ಕೂಟದ ಕೇಂದ್ರ ಕಚೇರಿ ಇರೋ ಬ್ರಸೆಲ್ಸ್‌ನಲ್ಲಿ ಯಾರೂ ತಿರುಗಿ ನೋಡ್ತಿರಲಿಲ್ಲ, ಒಕ್ಕೂಟದ ಕಮಿಷನರ್ ಥಿಯೆರಿ ಬ್ರೆಟನ್ ಆಗಿದ್ದ ಒಪ್ಪಂದ ಮತ್ತೆ ಬಿಚ್ಚಬಾರದು ಅಂತ ಪಟ್ಟು ಹಿಡಿದಿದ್ರು. ಆದ್ರೆ ಯುರೋಪಿನ ಕಾರ್ ತಯಾರಕರ ಸಂಘವೂ ಅದೇ ಮಾತು ಹೇಳೋಕೆ ಶುರು ಮಾಡ್ತು, ಆಗ ಅದ್ರ ಅಧ್ಯಕ್ಷರು ರೆನೋದ ಲೂಕಾ ಡೆ ಮೆಯೋ, ಮೂರು ವರ್ಷಕ್ಕೆ ನಮಗೆ 430 ಕೋಟಿ ಯೂರೋ ಹೊರೆ ಬೀಳುತ್ತೆ ಅಂತ ಲೆಕ್ಕ ಮುಂದಿಟ್ರು, ಜರ್ಮನಿಯ ಸಂಘವೂ ಜೊತೆಗೆ ನಿಂತಿತು. ಕೇಳಿದ್ದು ಒಂದೇ ವಿಷ್ಯ, ತಾರೀಖು ಮುಂದೂಡಿ. ಬ್ರೆಕ್ಸಿಟ್ ಸರಿನಾ ತಪ್ಪಾ ಅನ್ನೋ ಮಾತೇ ಎತ್ತಲಿಲ್ಲ. 2023ರ ಡಿಸೆಂಬರ್‌ನಲ್ಲಿ ಎರಡೂ ಕಡೆ ಒಪ್ಪಿ 2026ರ ಡಿಸೆಂಬರ್ 31ರ ತನಕ ಹಳೇ ಸಡಿಲ ನಿಯಮವೇ ಮುಂದುವರೀತು, ಇನ್ನೊಂದ್ಸಲ ಮುಂದೂಡಲ್ಲ ಅಂತ ಬ್ರಸೆಲ್ಸ್ ಖಡಕ್ಕಾಗಿ ಬರೆಸ್ಕೊಂಡೂ ಆಯ್ತು.

2016ರ ಪತ್ರಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಅಲ್ಲಿ 200 ಸಹಿ ಇತ್ತು, ವಿಷ್ಯ ಇಡೀ ದೇಶದ ಹಣೆಬರಹ. ಇಲ್ಲಿ ಒಂದು ಪಾರ್ಟು, ಒಂದು ಶೇಕಡಾ, ಒಂದು ತಾರೀಖು, ಗಡಿಯ ಎರಡೂ ಕಡೆಯ ಜನ. ಮೊದಲನೇದು ಸೋತು ಎರಡನೇದು ಗೆದ್ದಿದ್ದು ಅದಕ್ಕೇ ಅಂತ ನನ್ನ ನಂಬಿಕೆ. ನಿಮ್ಮ ಗಿರಾಕಿ ಕಂಪನಿ ಆ ಕಡೆಗೆ ಕಳಿಸೋ ಮಾಲಿಗೆ ನಿಮ್ಮ ಪಾರ್ಟು ಹೋಗ್ತಿದ್ರೆ ಅದು ಈ ಲೆಕ್ಕದಲ್ಲಿ ಹೊರಗಿನ ಮಾಲು ಅನ್ನೋದು ನೆನಪಿರ್ಲಿ.

ಪ್ರ: ಟಾಟಾದವರೂ ಅಲ್ಲಿ ಮಾತಾಡಿದ್ರಾ? (ಹುಬ್ಬಳ್ಳಿ)

ಉ: ಜಾಗ್ವಾರ್ ಲ್ಯಾಂಡ್ ರೋವರ್ 2008ರಿಂದ ಟಾಟಾದ್ದೇ, ಮೇಲೆ ಹೇಳಿದ ಸ್ಪೆತ್ ಅವ್ರ ಎಚ್ಚರಿಕೆ ಆ ಕಂಪನಿಯದ್ದೇ. ಮುಂದೆ 2023ರ ಜುಲೈನಲ್ಲಿ ಟಾಟಾ ಸಮೂಹ ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ 400 ಕೋಟಿ ಪೌಂಡ್‌ನ ಬ್ಯಾಟರಿ ಫ್ಯಾಕ್ಟರಿ ಘೋಷಿಸ್ತು. ಬ್ಯಾಟರಿ ಸ್ಥಳೀಯವೇ ಆಗ್ಬೇಕು ಅನ್ನೋ ಆ ನಿಯಮ ನೋಡಿದೋರಿಗೆ ಇದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಪ್ರ: 2025ರ ಹೊಸ ಒಪ್ಪಂದ ಉದ್ಯಮಿಗಳ ಒತ್ತಡದಿಂದಲೇ ಆಗಿದ್ದು ಅಂತಾರೆ. ಹಂಗಾದ್ರೆ ಮೀನುಗಾರರು ಯಾಕೆ ಸಿಟ್ಟಾದ್ರು, ಅವ್ರೂ ಉದ್ಯಮಿಗಳಲ್ವಾ? (ಮಲ್ಪೆ)

ಉ: ಮಲ್ಪೆಯಿಂದ ಈ ಪ್ರಶ್ನೆ ಬಂದಿದ್ದು ಬಹಳ ಖುಷಿ, ಯಾಕಂದ್ರೆ ಬಲೆ ಹಾಕೋನಿಗೂ ಮೀನು ರಫ್ತು ಮಾಡೋನಿಗೂ ಲೆಕ್ಕ ಬೇರೆ ಬೇರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

2025ರ ಮೇ 19ಕ್ಕೆ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್, ಒಕ್ಕೂಟದ ಉರ್ಸುಲಾ ಫಾನ್ ಡೆರ್ ಲೆಯೆನ್ ಮತ್ತು ಅಂಟೋನಿಯೊ ಕೋಸ್ಟಾ ಕೂತು ಒಂದು ತಿಳುವಳಿಕೆಗೆ ಬಂದ್ರು. ಅದ್ರಲ್ಲಿ ದೊಡ್ಡದು ಆಹಾರದ ವಿಷ್ಯ. ಬ್ರೆಕ್ಸಿಟ್ ಆದ್ಮೇಲೆ ಮಾಂಸ, ಹಾಲು, ಮೀನು ಏನೇ ಕಳಿಸಿದ್ರೂ ಪಶುವೈದ್ಯರ ಸಹಿ ಇರೋ ಸರ್ಟಿಫಿಕೇಟ್ ಬೇಕು, ಒಂದೊಂದಕ್ಕೆ 200 ಪೌಂಡ್ ತನಕ ಖರ್ಚು. ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಧ್ಯಕ್ಷ ಆರ್ಚಿ ನಾರ್ಮನ್, ಐರ್ಲೆಂಡಿಗೆ ಹೋಗೋ ಒಂದು ಲಾರಿಗೆ ಸುಮಾರು 700 ಪುಟ ಕಾಗದ, ತುಂಬಿಸೋಕೆ ಎಂಟು ಗಂಟೆ, ಕೆಲವು ಪದ ಲ್ಯಾಟಿನ್‌ನಲ್ಲೇ ಬರೀಬೇಕು ಅಂತ ಹೇಳಿ ಹೇಳಿ ಎಲ್ರ ಕಿವಿಗೂ ಮುಟ್ಟಿಸಿದ್ರು. ಸೂಪರ್‌ಮಾರ್ಕೆಟ್‌ನೋರು, ಸ್ಕಾಟ್ಲೆಂಡಿನ ಸಾಲ್ಮನ್ ಸಾಕೋರು, ಚಿಪ್ಪುಮೀನು ಮಾರೋರು ಇವ್ರೆಲ್ಲ ಐದು ವರ್ಷ ಬಿಡದೇ ಕೇಳಿದ್ರು. ತಾಜಾ ಸಾಸೇಜ್ ಕೂಡ 2021ರಿಂದ ಆ ಕಡೆ ಹೋಗೋ ಹಂಗಿರಲಿಲ್ಲ. ಈಗ ಬ್ರಿಟನ್ ಆಹಾರದಲ್ಲಿ ಯುರೋಪಿನ ನಿಯಮ ಬದಲಾದಂಗೆಲ್ಲ ತಾನೂ ಬದಲಾಯಿಸ್ಕೊಳ್ತೀನಿ ಅಂತ ಒಪ್ಪಿದೆ, ಅದಕ್ಕೆ ಬದಲಾಗಿ ಬಹುಪಾಲು ತಪಾಸಣೆ ಹೋಗುತ್ತೆ. ಇದೂ, ಇಂಗಾಲದ ಮಾರುಕಟ್ಟೆ (ಕಂಪನಿಗಳು ಇಂಗಾಲದ ಹೊಗೆ ಬಿಡೋ ಪರವಾನಗಿ ಕೊಂಡು ಮಾರೋ ವ್ಯವಸ್ಥೆ) ಜೋಡಿಸೋದೂ ಸೇರಿ 2040ರ ಹೊತ್ತಿಗೆ ಸುಮಾರು 900 ಕೋಟಿ ಪೌಂಡ್ ಲಾಭ ಅಂತ ಬ್ರಿಟಿಷ್ ಸರ್ಕಾರದ ಲೆಕ್ಕ.

ಇದಕ್ಕೆ ಯುರೋಪ್ ಕೇಳಿದ ಬೆಲೆ ಸಮುದ್ರ. ಬ್ರಿಟನ್ನಿನ ನೀರಲ್ಲಿ ಯುರೋಪಿನ ಬೋಟುಗಳು ಮೀನು ಹಿಡಿಯೋ ಒಪ್ಪಂದ 2026ಕ್ಕೆ ಮುಗೀಬೇಕಿತ್ತು, ಆಮೇಲೆ ವರ್ಷವರ್ಷ ಮಾತಾಡ್ಕೊಬೇಕು ಅಂತಿತ್ತು, ಅದನ್ನ 12 ವರ್ಷ ಎಳೆದು 2038ರ ತನಕ ಮಾಡಿದ್ರು. ಸಾಲ್ಮನ್ ಸಾಕಿ ಫ್ರಾನ್ಸ್‌ಗೆ ಕಳಿಸೋನಿಗೆ ಹಬ್ಬ, ಆಳಸಮುದ್ರಕ್ಕೆ ಬೋಟ್ ತಗೊಂಡು ಹೋಗೋನಿಗೆ ಕೈಲಿದ್ದ ಒಂದೇ ದಾಳ ಹೋಯ್ತು. ಕರಾವಳಿ ಊರುಗಳಿಗೆ 36 ಕೋಟಿ ಪೌಂಡ್ ನಿಧಿ ಅಂತ ಸರ್ಕಾರ ಹೇಳ್ತು, ಆದ್ರೆ ಬ್ರೆಕ್ಸಿಟ್ ಹೆಸರಲ್ಲಿ ಅತಿ ಹೆಚ್ಚು ಆಸೆ ತೋರಿಸಿದ್ದು ಇವ್ರಿಗೇ, ಎರಡು ಸಲ ಮಾತು ತಪ್ಪಿದ್ದೂ ಇವ್ರಿಗೇ, ಒಮ್ಮೆ 2020ರಲ್ಲಿ, ಇನ್ನೊಮ್ಮೆ 2025ರಲ್ಲಿ. ಅವ್ರ ಸಿಟ್ಟು ನ್ಯಾಯವಾದ್ದು. ಉದ್ಯಮದ ದನಿ ಅಂತ ಒಂದೇ ದನಿ ಎಲ್ಲೂ ಇರಲ್ಲ, ಮೇಜಿನ ಹತ್ರ ಯಾರಿಗೆ ಕುರ್ಚಿ ಸಿಕ್ಕಿದೆ ಅವ್ರ ದನಿ ಕೇಳ್ಸುತ್ತೆ.

ಪ್ರ: ಲಂಡನ್‌ನಲ್ಲಿದೀನಿ, ಮನೇಲೇ ಮೈಸೂರ್ ಪಾಕು, ಚಟ್ನಿಪುಡಿ ಮಾಡಿ ಮಾರ್ತೀನಿ. ಮೊದ್ಲು ಜರ್ಮನಿ, ನೆದರ್‌ಲ್ಯಾಂಡ್ಸ್ ಕನ್ನಡದವ್ರಿಗೂ ಪಾರ್ಸೆಲ್ ಕಳಿಸ್ತಿದ್ದೆ, 2021ರಿಂದ ನಿಲ್ಲಿಸಿದೀನಿ. ದೊಡ್ಡ ಕಂಪನಿಗಳು ಗಲಾಟೆ ಮಾಡಿ ಏನೇನೋ ತಗೊಂಡ್ವು, ನನ್ನಂಥೋಳಿಗೆ ಏನಾದ್ರೂ ಸಿಗುತ್ತಾ?

ಉ: ನಿಮ್ಮ ಪತ್ರ ಎರಡು ಸಲ ಓದಿದೆ ಅಕ್ಕ. ನೀವೊಬ್ರೇ ಅಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ 2024ರ ಒಂದು ಅಧ್ಯಯನದ ಪ್ರಕಾರ ಸುಮಾರು 16,400 ಬ್ರಿಟಿಷ್ ಸಂಸ್ಥೆಗಳು ಯುರೋಪಿಗೆ ಮಾಲು ಕಳಿಸೋದನ್ನೇ ಬಿಟ್ಟವು, ದೊಡ್ಡ ಕಂಪನಿಗಳ ರಫ್ತಿಗೆ ಅಂಥ ಪೆಟ್ಟು ಬೀಳಲಿಲ್ಲ, ಯಾಕಂದ್ರೆ 700 ಪುಟ ತುಂಬಿಸೋಕೆ ಅವ್ರಿಗೆ ಬೇರೆ ಜನ ಇದಾರೆ, ನಿಮಗೆ ರಾತ್ರಿ ಊಟ ಆದ್ಮೇಲೆ ನೀವೇ ಕೂರ್ಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಂಗಾಯ್ತು. 2016ರ ವೋಟಿನಲ್ಲಿ ಬ್ರಿಟನ್‌ನಲ್ಲಿದ್ದ ಭಾರತದ ಪಾಸ್‌ಪೋರ್ಟ್‌ನವರಿಗೂ ಕಾಮನ್‌ವೆಲ್ತ್ ಲೆಕ್ಕದಲ್ಲಿ ವೋಟಿತ್ತು, ಆದ್ರೆ ಆಮೇಲೆ ನಡೆದ ಮಾತುಕತೇಲಿ ನಿಮ್ಮಂಥ ಮನೆ ಉದ್ಯಮದವ್ರನ್ನ ಕರೆದು ಕೇಳಿದೋರು ಕಮ್ಮಿ.

ಈಗ ವಿಷ್ಯಕ್ಕೆ ಬರ್ತೀನಿ. ಮೈಸೂರ್ ಪಾಕ್‌ನಲ್ಲಿ ತುಪ್ಪ ಇದೆ, ತುಪ್ಪ ಅಂದ್ರೆ ಹಾಲಿನ ಪದಾರ್ಥ, ಹಂಗಾಗಿ ಅದು ಆಹಾರ ತಪಾಸಣೆ ನಿಯಮದ ಒಳಗೆ ಬರುತ್ತೆ. 2021ರ ಜನವರೀಲಿ ಡಚ್ ಕಸ್ಟಮ್ಸ್‌ನೋರು ಲಾರಿ ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ ಕೂಡ ಕಿತ್ಕೊಂಡಿದ್ದು ನೆನಪಿದ್ಯಲ್ಲ, ಅದೇ ನಿಯಮದ ಸಂಬಂಧ. ಹೊಸ ಆಹಾರ ಒಪ್ಪಂದ ಜಾರಿಯಾದ್ರೆ ಈ ಭಾಗದ ಕಾಟ ಬಹಳ ಕಮ್ಮಿ ಆಗ್ಬೇಕು. ಆದ್ರೆ 2025ರ ಮೇ ತಿಂಗಳಲ್ಲಿ ಆಗಿದ್ದು ತಿಳುವಳಿಕೆ ಮಾತ್ರ, ಪೂರ್ತಿ ಒಪ್ಪಂದದ ಮಾತುಕತೆಗೆ ಯುರೋಪಿನ ಸದಸ್ಯ ದೇಶಗಳು ಒಪ್ಪಿಗೆ ಕೊಟ್ಟಿದ್ದು ನವೆಂಬರ್‌ನಲ್ಲಿ, ಬ್ರಿಟಿಷ್ ಸರ್ಕಾರ ಇಟ್ಕೊಂಡಿರೋ ಗುರಿ 2027ರ ಮಧ್ಯಭಾಗ. ಚಟ್ನಿಪುಡೀಲಿ ತುಪ್ಪ ಹಾಲು ಏನೂ ಇಲ್ದಿದ್ರೆ ಆ ತೊಂದ್ರೆ ಮೊದಲಿಂದ್ಲೂ ಕಮ್ಮಿ, ಅದನ್ನ ಈಗ್ಲೇ ಬೇರೆ ಪಾರ್ಸೆಲ್ ಮಾಡಿ ಕಳಿಸೋ ಬಗ್ಗೆ ವಿಚಾರಿಸಿ. ಉಳಿಯೋದು ಏನಂದ್ರೆ ಕಸ್ಟಮ್ಸ್ ಡಿಕ್ಲರೇಷನ್ನು, ವ್ಯಾಟು. ಬ್ರಿಟನ್ ಕಸ್ಟಮ್ಸ್ ಯೂನಿಯನ್‌ಗೆ ವಾಪಸ್ ಹೋಗಲ್ಲ ಅಂತ ಹೇಳಿರೋದ್ರಿಂದ ಆಹಾರ ಒಪ್ಪಂದ ಬಂದ್ರೂ ಅದು ಹಂಗೇ ಇರುತ್ತೆ. 150 ಯೂರೋ ಒಳಗಿನ ಪಾರ್ಸೆಲ್‌ಗೆ ಯುರೋಪಿನ ವ್ಯಾಟ್ ಒಂದೇ ಕಡೆ ಕಟ್ಟೋ ಐಓಎಸ್‌ಎಸ್ ಅನ್ನೋ ವ್ಯವಸ್ಥೆ ಇದೆ, ನಿಮ್ಮ ಅಕೌಂಟೆಂಟ್ ಹತ್ರ ಕೇಳಿ.

ಇನ್ನೊಂದು ಮಾತು. ಆ ವ್ಯಾಪಾರ ಒಪ್ಪಂದದಲ್ಲೇ ಎರಡೂ ಕಡೆ ಉದ್ಯಮಿಗಳು, ಕಾರ್ಮಿಕ ಸಂಘಗಳು ಕೂತು ಸರ್ಕಾರಕ್ಕೆ ಸಲಹೆ ಕೊಡೋ ಒಂದು ಗುಂಪು ಇರ್ಬೇಕು ಅಂತ ಬರೆದಿದೆ, ಡೊಮೆಸ್ಟಿಕ್ ಅಡ್ವೈಸರಿ ಗ್ರೂಪ್ ಅಂತಾರೆ. ಅಲ್ಲಿಗೆ, ಸಣ್ಣ ಉದ್ಯಮಗಳ ಫೆಡರೇಷನ್‌ಗೆ, ನಿಮ್ಮ ಎಂಪಿಗೆ, ಮೂರೂ ಕಡೆ ಒಂದು ಪುಟ ಬರೀರಿ. ಬ್ರೆಕ್ಸಿಟ್ ಬಗ್ಗೆ ಏನೂ ಬೇಡ. ಒಂದು ಕೆಜಿ ಮೈಸೂರ್ ಪಾಕ್ ಡಬ್ಬ, ಜರ್ಮನಿಗೆ ಕಳಿಸೋಕೆ 2020ರಲ್ಲಿ ಎಷ್ಟು ಖರ್ಚು, ಈಗ ಎಷ್ಟು, ಯಾವ ಫಾರ್ಮ್‌ನ ಯಾವ ಕಾಲಂನಲ್ಲಿ ಸಿಕ್ಕಿಹಾಕ್ಕೊಂಡ್ರಿ, ಅಷ್ಟೇ ಬರೀರಿ. ಬರೆದಿದ್ದರ ಒಂದು ಪ್ರತಿ ನಮಗೂ ಕಳಿಸಿ, ಬೇರೆ ದೇಶದಲ್ಲಿ ಇದೇ ಕಷ್ಟ ಪಡ್ತಿರೋರಿಗೆ ಉಪಯೋಗ ಆಗುತ್ತೆ, ಇದೇ ಅಂಕಣದಲ್ಲಿ ಹಾಕ್ತೀವಿ.